ಗೊತ್ತಿಲ್ಲದ ದೇಶಕ್ಕೆ ಒಬ್ಬರೇ ಹೋಗುವುದು: ಯಾವ ಕಷ್ಟ ಪಟ್ಟರೆ ಸಾರ್ಥಕ?

ಕಿಟಕಿ ಸೀಟು

ಭಾಷೆ ಬಾರದ, ಲಿಪಿ ಓದಲು ಆಗದ, ಗುರುತಿನವರು ಒಬ್ಬರೂ ಇಲ್ಲದ ದೇಶಕ್ಕೆ ಒಬ್ಬಳೇ ಹೋಗಿ ಬರಬೇಕು ಅಂತ ಬಹಳ ದಿನದ ಆಸೆ. ಗುಂಪು ಟೂರ್ ಬೇಡ. ಯಾವ ದೇಶ ಅಂತ ಇನ್ನೂ ತೀರ್ಮಾನ ಆಗಿಲ್ಲ. ಹೋಗುವುದೋ ಬೇಡವೋ ಅನ್ನುವುದೇ ಮೊದಲು ಬಗೆಹರಿಯಬೇಕು.

ಕೇಳಿದವರಲ್ಲಿ ಎರಡು ಪಂಗಡ. ಒಂದು ಪಂಗಡ "ಹೋಗು, ಜೀವನವೇ ಬದಲಾಗುತ್ತದೆ" ಅನ್ನುತ್ತದೆ. ಇನ್ನೊಂದು "ದುಡ್ಡು ಕೊಟ್ಟು ಒದ್ದಾಡುವುದು ಯಾಕೆ" ಅಂತ ಕೇಳುತ್ತದೆ. ಎರಡೂ ಮಾತಿನಿಂದ ನನಗೆ ಏನೂ ಗಿಟ್ಟಲಿಲ್ಲ. ಕಷ್ಟ ಇರುತ್ತದೆ ಅಂತ ನನಗೂ ಗೊತ್ತು. ಯಾವ ಕಷ್ಟ ಪಟ್ಟರೆ ಸಾರ್ಥಕ, ಯಾವುದು ಸುಮ್ನೆ ಕಷ್ಟ ಅನ್ನುವುದು ಗೊತ್ತಾಗಬೇಕು. ಹೋಗಿ ಬಂದವರು ಬಿಚ್ಚಿ ಹೇಳಿ. "ಚೆನ್ನಾಗಿತ್ತು" ಅಂತ ಹೇಳಿ ಮುಗಿಸಬೇಡಿ.

ಬೆನ್ನುಚೀಲ

ಹೋಗಿ. ಎರಡು ಮಾತಿಲ್ಲ.

ನಾನು ಜಾರ್ಜಿಯಾಕ್ಕೆ ಹೋಗುವ ಮುಂಚೆ ಅಲ್ಲಿನ ಲಿಪಿ ಕಲಿತಿದ್ದೆ. ಭಾಷೆ ಅಲ್ಲ, ಬರೀ ಲಿಪಿ. ಒಟ್ಟು 33 ಅಕ್ಷರ. ದೊಡ್ಡಕ್ಷರ, ಚಿಕ್ಕಕ್ಷರ ಅನ್ನುವ ಗೋಜಿಲ್ಲ. ಒಂದು ಅಕ್ಷರಕ್ಕೆ ಒಂದೇ ಸದ್ದು. ಸಂಜೆ ಹೊತ್ತು ಕೂತು ಬರೆದೂ ಬರೆದೂ ಕೈಗೆ ಹತ್ತಿಸಿಕೊಂಡೆ.

ರಾಜಧಾನಿ ಟಿಬಿಲಿಸಿಯಲ್ಲಿ ದಿದುಬೆ ಅಂತ ಒಂದು ಮೆಟ್ರೋ ನಿಲ್ದಾಣ ಇದೆ. ಅದರ ಹೊರಗೆ ಮಾರ್ಶ್ರುತ್ಕಾ ಅನ್ನುವ ಮಿನಿಬಸ್‌ಗಳು ಒತ್ತೊತ್ತಾಗಿ ನಿಂತಿರುತ್ತವೆ. ಮುಂದಿನ ಗಾಜಿನ ಹಿಂದೆ ಒಂದು ರಟ್ಟು, ಅದರ ಮೇಲೆ ಊರಿನ ಹೆಸರು. ನಾನು ನೋಡಿದ ಹೆಚ್ಚಿನ ರಟ್ಟುಗಳಲ್ಲಿ ಜಾರ್ಜಿಯನ್ ಬಿಟ್ಟು ಬೇರೆ ಲಿಪಿ ಇರಲಿಲ್ಲ. ಒಂದೊಂದೇ ಗಾಡಿ ಮುಂದೆ ನಿಂತು ಅಕ್ಷರ ಕೂಡಿಸುತ್ತಾ ಹೋದೆ. ಒಂದರ ಮುಂದೆ ಮೊದಲು ಮ, ಆಮೇಲೆ ತ್ಸ, ಆಮೇಲೆ ಖ... ಮ್ತ್ಸ್ಖೇತಾ! ನನಗೆ ಹೋಗಬೇಕಿದ್ದ ಊರೇ ಅದು. ಬಾಗಿಲಿಗೆ ಒರಗಿ ನಿಂತಿದ್ದ ಡ್ರೈವರ್ ನಾನು ಜೋರಾಗಿ ಓದಿದ್ದು ಕೇಳಿಸಿಕೊಂಡು ತಿದ್ದಿ ಹೇಳಿದರು. ನಾನು ಮತ್ತೆ ಹೇಳಿದೆ. ಅವರು ಮತ್ತೆ ತಿದ್ದಿದರು. ಆಮೇಲೆ ತಮ್ಮ ಪಕ್ಕದ ಸೀಟಿನ ಮೇಲಿದ್ದ ಚೀಲ ತೆಗೆದು ಕೂರಲು ಜಾಗ ಮಾಡಿಕೊಟ್ಟರು. ದಾರಿಯುದ್ದಕ್ಕೂ ಕಂಡ ಬೋರ್ಡೆಲ್ಲ ನನ್ನಿಂದ ಓದಿಸಿದರು.

ಮ್ತ್ಸ್ಖೇತಾದ ದೊಡ್ಡ ಚರ್ಚು 11ನೇ ಶತಮಾನದ್ದು. ಅಲ್ಲಿನ ಹಳೇ ಕಟ್ಟಡಗಳು 1994ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ನೋಡಿದೆ, ತುಂಬಾ ಚೆನ್ನಾಗಿದೆ. ಆದರೆ ಯಾರಾದರೂ ಜಾರ್ಜಿಯಾ ಅಂದ ಕೂಡಲೇ ನನಗೆ ಕಣ್ಣಮುಂದೆ ಬರುವುದು ಆ ರಟ್ಟು. ಗುಂಪು ಟೂರ್‌ನಲ್ಲಿ ಹೋಗಿದ್ದರೆ ಚರ್ಚು ಸಿಗುತ್ತಿತ್ತು, ರಟ್ಟು ಸಿಗುತ್ತಿರಲಿಲ್ಲ.

ಲೆಕ್ಕಪತ್ರ

ಬೆನ್ನುಚೀಲ ಹೇಳಿದ್ದು ಓದಿ ನನಗೂ ಖುಷಿಯಾಯಿತು. ಆದರೆ ಆ ಮಿನಿಬಸ್ ತನಕ ತಲುಪಬೇಕಲ್ಲ. ಪ್ರಯಾಣದ ಕಾಗದಪತ್ರದ ಕೆಲಸವನ್ನೇ ವರ್ಷಗಟ್ಟಲೆ ಮಾಡಿದವನು ನಾನು. ಜನ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಹೇಳುತ್ತೇನೆ.

ಪಾಸ್‌ಪೋರ್ಟ್ ಮುಗಿಯಲು ಇನ್ನೂ ಎರಡು ತಿಂಗಳಿದೆ, ಪ್ರವಾಸ ಎರಡೇ ವಾರ, ಸಾಕಲ್ವಾ ಅಂದುಕೊಳ್ಳುತ್ತಾರೆ. ಸಾಕಾಗುವುದಿಲ್ಲ. ಸಿಂಗಪುರ, ಇಂಡೊನೇಷ್ಯಾದಂಥ ದೇಶಗಳು ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ. ಯುರೋಪಿನ ಷೆಂಗೆನ್ ದೇಶಗಳು, ಅಂದರೆ ತಮ್ಮ ತಮ್ಮ ನಡುವೆ ಗಡಿ ತಪಾಸಣೆ ತೆಗೆದುಹಾಕಿರುವ ದೇಶಗಳು, ನೀವು ಅಲ್ಲಿಂದ ಹೊರಡುವ ದಿನದ ನಂತರವೂ 3 ತಿಂಗಳು ಇರಬೇಕು ಅನ್ನುತ್ತವೆ. ಅಲ್ಲಿ ಇನ್ನೊಂದು ಲೆಕ್ಕವೂ ಇದೆ: ಅಲ್ಪಾವಧಿಗೆ ಹೋದವರು ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಒಂದು ದೇಶದಲ್ಲಿ 90, ಪಕ್ಕದ ದೇಶದಲ್ಲಿ ಮತ್ತೆ 90 ಅಂತಲ್ಲ. 29 ದೇಶಕ್ಕೂ ಸೇರಿಸಿ ಒಂದೇ ಲೆಕ್ಕ.

ಗಮನಿಸಿ, ನಿಮ್ಮನ್ನು ತಡೆಯುವುದು ಆ ದೇಶದ ಅಧಿಕಾರಿಯೇ ಆಗಬೇಕಿಲ್ಲ. ಕಾಗದ ಸರಿಯಿಲ್ಲದವರನ್ನು ಕರೆದುಕೊಂಡು ಹೋದರೆ ವಿಮಾನ ಸಂಸ್ಥೆಗೇ ದಂಡ ಬೀಳುತ್ತದೆ. ಹಾಗಾಗಿ ಹೊರಡುವ ಊರಿನ ಚೆಕ್-ಇನ್ ಕೌಂಟರ್‌ನಲ್ಲೇ ಕಥೆ ಮುಗಿಯುತ್ತದೆ. ಸೂಟ್‌ಕೇಸ್ ಪಕ್ಕದಲ್ಲಿಟ್ಟುಕೊಂಡು ಅಳುತ್ತಾ ಕೂತವರನ್ನು ನಾನು ನೋಡಿದ್ದೇನೆ. ಅದರಲ್ಲಿ ಯಾವ ಅನುಭವವೂ ಇಲ್ಲ, ಯಾವ ಪಾಠವೂ ಇಲ್ಲ.

ಹಳದಿ ಜ್ವರದ ಲಸಿಕೆ ಕೇಳುವ ದೇಶಗಳಿವೆ. ಲಸಿಕೆ ಹಾಕಿಸಿಕೊಂಡ 10 ದಿನದ ಮೇಲೆ ಮಾತ್ರ ಆ ಸರ್ಟಿಫಿಕೇಟ್‌ಗೆ ಬೆಲೆ. ಒಂದು ಸಮಾಧಾನ ಏನೆಂದರೆ, 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ಮೊದಲು 10 ವರ್ಷಕ್ಕೊಮ್ಮೆ ಹಾಕಿಸಬೇಕಿತ್ತು.

ಬೆನ್ನುಚೀಲ

ಇದೆಲ್ಲ ಮನೆಯಲ್ಲಿ ಕೂತು ಒಂದು ವಾರಾಂತ್ಯದಲ್ಲಿ ಮುಗಿಸಬಹುದಾದ ಕೆಲಸ. ಇದನ್ನು ಕಷ್ಟ ಅಂತ ಕರೆದು ಜನರನ್ನು ಹೆದರಿಸಬೇಡಿ.

ಲೆಕ್ಕಪತ್ರ

ಮುಗಿಸಿದವರಿಗೆ ಒಂದು ವಾರಾಂತ್ಯ. ಮುಗಿಸದವರಿಗೆ ಇಡೀ ಪ್ರವಾಸವೇ ಹೋಯಿತು. ಎಲ್ಲರ ಪಾಸ್‌ಪೋರ್ಟಿಗೂ ಬಾಗಿಲು ಒಂದೇ ಥರ ತೆರೆಯುವುದಿಲ್ಲ ಅನ್ನುವುದೂ ನೆನಪಿರಲಿ. ಕೆಲವರಿಗೆ ವೀಸಾ ಬೇಕೇ ಇಲ್ಲ. ಇನ್ನು ಕೆಲವರು ಬ್ಯಾಂಕ್ ಪತ್ರ, ಹೋಟೆಲ್ ಬುಕಿಂಗ್, 30,000 ಯುರೋ ಮೊತ್ತದ ವಿಮೆ ಎಲ್ಲ ಜೋಡಿಸಿಕೊಂಡು ಷೆಂಗೆನ್ ವೀಸಾಕ್ಕೆ ತಿಂಗಳುಗಟ್ಟಲೆ ಕಾಯುತ್ತಾರೆ. ಅಷ್ಟು ಮಾಡಿದ ಮೇಲೂ ಕಾರಣ ಅರ್ಥವಾಗದ ಒಂದು ಸಾಲಿನ ತಿರಸ್ಕಾರ ಬರಬಹುದು. ಅದು ಮನಸ್ಸಿಗೆ ಎಷ್ಟು ನೋವು ಕೊಡುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ.

ರಾತ್ರಿರೈಲು

ನೀವಿಬ್ಬರೂ ಬೇರೆ ಬೇರೆ ಕಷ್ಟದ ಬಗ್ಗೆ ಮಾತಾಡುತ್ತಿದ್ದೀರಿ. ಅದಕ್ಕೇ ಜಗಳ ಮುಗಿಯುತ್ತಿಲ್ಲ.

ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಈ ಕಷ್ಟ ದಾಟಿದ ಮೇಲೆ ಆ ದೇಶ ನನಗೆ ಮೊದಲಿಗಿಂತ ಸ್ವಲ್ಪ ಜಾಸ್ತಿ ಅರ್ಥವಾಯಿತಾ? ಹೌದು ಅಂದರೆ ಅದು ಪಡಬೇಕಾದ ಕಷ್ಟ. ಇಲ್ಲ ಅಂದರೆ ಹೊರಡುವ ಮುಂಚೆಯೇ ಅದನ್ನು ತೆಗೆದುಹಾಕಬೇಕು.

ಜರ್ಮನಿಯನ್ನು ತೆಗೆದುಕೊಳ್ಳಿ. ಭಾನುವಾರ ಅಲ್ಲಿ ಹೆಚ್ಚುಕಡಿಮೆ ಎಲ್ಲ ಅಂಗಡಿ ಬಂದ್. ಸೂಪರ್‌ಮಾರ್ಕೆಟ್ ಕೂಡ. ಶನಿವಾರ ರಾತ್ರಿ ತಡವಾಗಿ ಹೋಗಿ ಇಳಿದವರಿಗೆ ಮರುದಿನ ಪರದಾಟ. ಕೊನೆಗೆ ರೈಲು ನಿಲ್ದಾಣದ ಅಂಗಡಿಯೇ ಗತಿ, ಅವಕ್ಕೆ ವಿನಾಯಿತಿ ಇದೆ. ಆದರೆ ಆ ನಿಲ್ದಾಣಕ್ಕೆ ನಡೆದು ಹೋಗುವಾಗ ಬೀದಿ ಬೀದಿಯೇ ನಿಶ್ಶಬ್ದ. ಜನ ಸುಮ್ನೆ ನಡೆಯುತ್ತಿದ್ದಾರೆ, ಹುಲ್ಲಿನ ಮೇಲೆ ಕೂತಿದ್ದಾರೆ. ಯಾರೂ ಏನೂ ಕೊಳ್ಳುತ್ತಿಲ್ಲ. ವಿಚಾರಿಸಿದರೆ, ಭಾನುವಾರ ವಿಶ್ರಾಂತಿಯ ದಿನ ಅಂತ ಅವರ ಸಂವಿಧಾನದಲ್ಲೇ ಇದೆ. 1919ರ ಹಳೇ ಸಂವಿಧಾನದ ಆ ಸಾಲನ್ನು ಈಗಿನದ್ದರಲ್ಲೂ ಹಾಗೇ ಉಳಿಸಿಕೊಂಡಿದ್ದಾರೆ. ಕೆಲಸಕ್ಕೂ ಬಿಡುವಿಗೂ ಒಂದು ಸಮಾಜ ಗೆರೆ ಹೇಗೆ ಎಳೆಯುತ್ತದೆ ಅಂತ ನನಗೆ ತಿಳಿದದ್ದು ಆ ಭಾನುವಾರ. ಆ ಪರದಾಟ ಸಾರ್ಥಕ.

ಇನ್ನೊಂದು ಥರದ್ದು ನೋಡಿ. ವಿದೇಶದಲ್ಲಿ ಕಾರ್ಡ್ ಉಜ್ಜಿದಾಗ ಯಂತ್ರ ಕೇಳುತ್ತದೆ: ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ, ಇಲ್ಲಿನ ಹಣದಲ್ಲಾ? ನಮ್ಮ ಹಣ ಅಂತ ಒತ್ತಿದರೆ ಅವರು ಹಾಕಿದ ದರ, ಸಾಮಾನ್ಯವಾಗಿ ಅದು ದುಬಾರಿ. ಯಾವಾಗಲೂ ಅಲ್ಲಿನ ಹಣವನ್ನೇ ಆರಿಸಿ. ಇದರಲ್ಲಿ ಕಳೆದ ದುಡ್ಡಿನಿಂದ ಯಾವ ದೇಶವೂ ಅರ್ಥವಾಗುವುದಿಲ್ಲ. ಲೆಕ್ಕಪತ್ರ ಹೇಳಿದ್ದೆಲ್ಲ ಈ ಜಾತಿಯದ್ದು. ಅವನ್ನು ಮನೆಯಲ್ಲೇ ಮುಗಿಸಿ. ಬೆನ್ನುಚೀಲ ಹೇಳಿದ ಜಾತಿಯದ್ದನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ, ಟ್ರಾವೆಲ್ ಏಜೆಂಟ್‌ಗಂತೂ ಬೇಡವೇ ಬೇಡ.

ನೀಲಿ ಕೊಡೆ

ರಾತ್ರಿರೈಲು ಮಾತು ಒಪ್ಪುತ್ತೇನೆ. ಆದರೆ ಒಂದು ಸೇರಿಸಬೇಕು. ಯಾವ ಕಷ್ಟ ಯಾವ ಜಾತಿಗೆ ಸೇರುತ್ತದೆ ಅನ್ನುವುದು ನೀವು ಯಾರು ಅನ್ನುವುದರ ಮೇಲೂ ಇದೆ.

ದಾರಿ ತಪ್ಪುವುದನ್ನೇ ನೋಡಿ. ಗಂಡಸರು ಅದನ್ನು ಎಷ್ಟು ಚೆಂದ ಮಾಡಿ ಹೇಳುತ್ತಾರೆ! ಸಂಜೆ ನಾಲ್ಕಕ್ಕೆ ದಾರಿ ತಪ್ಪಿದರೆ ನನಗೂ ಅದು ಖುಷಿಯೇ. ರಾತ್ರಿ ಹತ್ತಕ್ಕೆ, ಬೀದಿದೀಪ ಇಲ್ಲದ ಕಡೆ, ಹಿಂದೆ ಹೆಜ್ಜೆ ಸದ್ದು ಕೇಳುವಾಗ ತಪ್ಪಿದರೆ? ಆಗ ನಾನು ಆ ದೇಶವನ್ನು ನೋಡುತ್ತಿರುವುದಿಲ್ಲ. ಬಾಗಿಲು ಎಲ್ಲಿದೆ, ಬೆಳಕು ಎಲ್ಲಿದೆ, ಹೆಂಗಸರು ಯಾರಾದರೂ ಕಾಣುತ್ತಾರಾ ಅಂತ ಹುಡುಕುತ್ತಿರುತ್ತೇನೆ. ಆ ಭಯದಿಂದ ಕಲಿಯುವುದು ಏನೂ ಇಲ್ಲ.

ಹಾಗಾಗಿ ಕಿಟಕಿ ಸೀಟು ಅವರೇ, ಹೊಸ ಊರಿಗೆ ಹಗಲಿನಲ್ಲೇ ತಲುಪುವ ಹಾಗೆ ಟಿಕೆಟ್ ತೆಗೆದುಕೊಳ್ಳಿ, ಸ್ವಲ್ಪ ದುಬಾರಿಯಾದರೂ ಸರಿ. ಮೊದಲ ರಾತ್ರಿಗಳ ಕೋಣೆ ಮುಂಚೆಯೇ ಗೊತ್ತು ಮಾಡಿರಲಿ. ರಾತ್ರಿ ಟ್ಯಾಕ್ಸಿಗೆ ಕೊಡುವ ದುಡ್ಡಿನ ಬಗ್ಗೆ ಹೊಟ್ಟೆ ಉರಿಸಿಕೊಳ್ಳಬೇಡಿ.

ಆದರೆ ಹೆಂಗಸು ಅನ್ನುವ ಕಾರಣಕ್ಕೇ ತೆರೆಯುವ ಬಾಗಿಲುಗಳೂ ಇವೆ, ಇದನ್ನು ಯಾರೂ ಹೇಳುವುದಿಲ್ಲ. ಕೈರೋ ಮೆಟ್ರೋದಲ್ಲಿ ಹೆಂಗಸರಿಗೇ ಮೀಸಲಾದ ಬೋಗಿ ಇದೆ. ಅದರಲ್ಲಿ ನನ್ನ ಪಕ್ಕ ಕೂತ ಒಬ್ಬ ಅಜ್ಜಿ, ನಾನು ನಕ್ಷೆ ನೋಡುವುದನ್ನು ನೋಡಿ, ಎಲ್ಲಿ ಇಳಿಯುತ್ತೀಯ ಅಂತ ಕೈಸನ್ನೆಯಲ್ಲಿ ಕೇಳಿದರು. ನಾನು ನಿಲ್ದಾಣದ ಹೆಸರು ತೋರಿಸಿದೆ. ಅವರು ನನ್ನ ಕೈ ಹಿಡಿದುಕೊಂಡು ಎಷ್ಟು ನಿಲ್ದಾಣ ಬಾಕಿಯೋ ಅಷ್ಟು ಬೆರಳು ಬಿಡಿಸಿದರು. ಪ್ರತಿ ನಿಲ್ದಾಣ ದಾಟಿದಾಗಲೂ ಒಂದು ಬೆರಳು ಮಡಚಿದರು. ಎದುರಿಗಿದ್ದ ಹುಡುಗಿಯರೂ ಎಣಿಸಲು ಶುರು ಮಾಡಿದರು. ನಾನು ಇಳಿಯುವಾಗ ಅರ್ಧ ಬೋಗಿ ನನಗೆ ಕೈ ಬೀಸಿತು. ಯಾವ ಗಂಡಸು ಪ್ರವಾಸಿಗೂ ಇದು ಸಿಗುವುದಿಲ್ಲ.

ಹೆಸರು ಬೇಡ

ನೀಲಿ ಕೊಡೆ ಹೇಳಿದ ಮಾತಿಗೆ ಇನ್ನೊಂದು. ಸಲಿಂಗ ಸಂಬಂಧವನ್ನು ಅಪರಾಧ ಅನ್ನುವ ದೇಶಗಳು ಇವತ್ತಿಗೂ 60ಕ್ಕೂ ಹೆಚ್ಚು ಇವೆ. ನನಗೂ ನನ್ನ ಸಂಗಾತಿಗೂ ದೇಶ ಆರಿಸುವ ಕೆಲಸ ಶುರುವಾಗುವುದೇ ಆ ಪಟ್ಟಿಯಿಂದ. ಒಂದು ಹೋಟೆಲ್ ಕೋಣೆ ಕೇಳುವುದಕ್ಕೂ ಧೈರ್ಯ ಬೇಕಾದ ಜಾಗದಲ್ಲಿ ಪ್ರವಾಸದ ಖುಷಿ ನಮಗಿಲ್ಲ. ಜಗತ್ತಿನಲ್ಲಿ ಬೇರೆ ಜಾಗಗಳು ಬೇಕಾದಷ್ಟಿವೆ.

ಎರಡು ಚಕ್ರ

ಗಾಲಿಕುರ್ಚಿಯಲ್ಲಿ ತಿರುಗುವವನು ನಾನು. ದೇಶ ಆರಿಸುವಾಗ ನನ್ನ ಮೊದಲ ಪ್ರಶ್ನೆ ಲಿಫ್ಟ್ ಇದೆಯಾ ಅನ್ನುವುದು. ಎಲ್ಲರೂ ಹೊಗಳುವ ಪ್ಯಾರಿಸ್ ಮೆಟ್ರೋ 1900ರಲ್ಲಿ ಶುರುವಾದದ್ದು. ಮೆಟ್ಟಿಲು, ಮತ್ತೆ ಮೆಟ್ಟಿಲು. 1998ರಲ್ಲಿ ಬಂದ 14ನೇ ಲೈನ್ ಬಿಟ್ಟರೆ ಪೂರ್ತಿಯಾಗಿ ನನ್ನಂಥವರಿಗೆ ಒಗ್ಗುವ ಇನ್ನೊಂದು ಹಳೇ ಲೈನ್ ಇಲ್ಲ. ಇದನ್ನು ನಾನು ಹೋಗುವ ಮುಂಚೆಯೇ ಓದಿಕೊಂಡಿದ್ದೆ. ಹಾಗಾಗಿ ಬಸ್ ನಕ್ಷೆ ಬಾಯಿಪಾಠ ಮಾಡಿಕೊಂಡು ಹೋದೆ. ಬಸ್‌ಗಳಲ್ಲಿ ಇಳಿಜಾರು ಹಲಗೆ ಇದೆ, ಡ್ರೈವರ್ ಗುಂಡಿ ಒತ್ತಿದರೆ ಹೊರಗೆ ಚಾಚಿಕೊಳ್ಳುತ್ತದೆ.

ಮೆಟ್ರೋದಲ್ಲಿ ಹೋದವರು ಒಂದು ಸುರಂಗದಲ್ಲಿ ಇಳಿದು ಇನ್ನೊಂದು ಸುರಂಗದಲ್ಲಿ ಏಳುತ್ತಾರೆ. ನಾನು ಇಡೀ ಊರನ್ನು ನೆಲದ ಮೇಲೆ ನೋಡಿದೆ. ಸೇತುವೆ ಮೇಲೆ ಬಸ್ ನಿಂತಾಗ ನದಿ ನೋಡಿದೆ. ಶಾಲೆ ಬಿಡುವ ಹೊತ್ತಿಗೆ ಮಕ್ಕಳು ನುಗ್ಗಿ ಬಂದದ್ದು ನೋಡಿದೆ. ಹೇಳಬೇಕೆಂದರೆ, ರಾತ್ರಿರೈಲು ಹೇಳಿದ ಎರಡು ಜಾತಿಯ ಕಷ್ಟದ ನಡುವೆ ಗೋಡೆ ಇಲ್ಲ. ಮೆಟ್ಟಿಲು ಸುಮ್ನೆ ಕಷ್ಟ. ಆದರೆ ಅದನ್ನು ಮುಂಚೆಯೇ ತಿಳಿದು ಬಳಸಿಕೊಂಡು ಹೋದಾಗ ಆ ಬಳಸುದಾರಿಯಲ್ಲಿ ಊರು ಸಿಕ್ಕಿತು. ಮುಂಚೆ ತಿಳಿಯದೆ ಹೋಗಿದ್ದರೆ ಮೆಟ್ಟಿಲ ಮುಂದೆ ನಿಂತು ಸಿಟ್ಟು ಬರುತ್ತಿತ್ತು, ಅಷ್ಟೇ.

ಕಿಟಕಿ ಸೀಟು

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಒಂದು ಅನುಮಾನ. ಈಗ ಫೋನಿನಲ್ಲಿ ನಕ್ಷೆ ಇದೆ, ಅನುವಾದ ಇದೆ, ಕ್ಯಾಮೆರಾ ಹಿಡಿದರೆ ಬೋರ್ಡ್ ಓದಿ ಹೇಳುತ್ತದೆ. ಹೀಗಿರುವಾಗ ಗೊತ್ತಿಲ್ಲದ ದೇಶ ಅಂತ ನಿಜವಾಗಿಯೂ ಯಾವುದಾದರೂ ಉಳಿದಿದೆಯಾ?

ಹಳೇ ನಕ್ಷೆ

ಉಳಿದಿದೆ. ಫೋನಿಗೇ ಗೊತ್ತಿಲ್ಲದ ದೇಶಗಳಿವೆ.

ಚೀನಾಕ್ಕೆ ಹೋದರೆ ಅಲ್ಲಿನ ಇಂಟರ್‌ನೆಟ್‌ನಲ್ಲಿ ಗೂಗಲ್ ತೆರೆಯುವುದಿಲ್ಲ. ನಕ್ಷೆಯೂ ಇಲ್ಲ, ಮೇಲ್ ಕೂಡ ಇಲ್ಲ. ದುಡ್ಡು ಕೊಡುವುದು ಅಲಿಪೇ, ವೀಚಾಟ್ ಅನ್ನುವ ಫೋನ್ ಆ್ಯಪ್‌ಗಳಲ್ಲಿ. ವಿದೇಶಿ ಕಾರ್ಡ್ ಅದಕ್ಕೆ ಜೋಡಿಸುವುದು 2023ರಿಂದ ಸುಲಭವಾಗಿದೆ, ಆದರೆ ಹೊರಡುವ ಮುಂಚೆಯೇ ಮಾಡಿಟ್ಟುಕೊಳ್ಳಬೇಕು. ದಕ್ಷಿಣ ಕೊರಿಯಾದಲ್ಲಿ ಜನ ನೆಚ್ಚಿಕೊಂಡಿರುವುದು ನೇವರ್, ಕಾಕಾವೊ ನಕ್ಷೆಗಳನ್ನು. ಹೋಗುವ ದೇಶದವರು ಏನು ಬಳಸುತ್ತಾರೋ ಅದನ್ನು ಹಾಕಿಕೊಳ್ಳಿ. ನೆಟ್ ಇಲ್ಲದೆಯೂ ತೆರೆಯುವ ನಕ್ಷೆ ಇಳಿಸಿಟ್ಟುಕೊಳ್ಳಿ. ಉಳಿದುಕೊಳ್ಳುವ ಜಾಗದ ವಿಳಾಸವನ್ನು ಅಲ್ಲಿನ ಲಿಪಿಯಲ್ಲೇ ಒಂದು ಕಾಗದದ ಮೇಲೆ ಬರೆಸಿ ಜೇಬಿನಲ್ಲಿಡಿ. ಬ್ಯಾಟರಿ ಸತ್ತಾಗ ಕಾಗದ ಸಾಯುವುದಿಲ್ಲ.

ಫೋನಿಗೆ ಗೊತ್ತಾಗದ ಸಂಗತಿ ಅಂದೆನಲ್ಲ, ಅದಕ್ಕೊಂದು ಉದಾಹರಣೆ. ಚೀನಾ ಅಷ್ಟಗಲ ಇದ್ದರೂ ಇಡೀ ದೇಶಕ್ಕೆ ಬೀಜಿಂಗ್‌ನ ಒಂದೇ ಸಮಯ. ಪಶ್ಚಿಮದ ತುದಿಯ ಕಾಶ್ಗರ್‌ನಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಮಧ್ಯಾಹ್ನ ಮೂರರ ಹತ್ತಿರ. ಹಾಗಾಗಿ ಅಲ್ಲಿ ಎಷ್ಟೋ ಜನ ಎರಡು ಗಂಟೆ ಹಿಂದಿರುವ ತಮ್ಮದೇ ಸಮಯ ಇಟ್ಟುಕೊಂಡಿದ್ದಾರೆ. ರೈಲು, ವಿಮಾನ ಬೀಜಿಂಗ್ ಸಮಯಕ್ಕೆ. ಮನೆ ಮಾತು ಊರಿನ ಸಮಯಕ್ಕೆ. ಯಾರಾದರೂ "ಹತ್ತು ಗಂಟೆಗೆ ಬಾ" ಅಂದರೆ ಯಾವ ಹತ್ತು ಅಂತ ಅವರನ್ನೇ ಕೇಳಬೇಕು. ಆ ಒಂದು ಪ್ರಶ್ನೆ ಕೇಳಿದರೆ ಆ ಊರಿನ ಬಗ್ಗೆ ಎಷ್ಟೋ ತಿಳಿಯುತ್ತದೆ.

ನನ್ನ ಮಟ್ಟಿಗೆ ಫೋನಿನಿಂದ ಒಂದು ನಷ್ಟವೂ ಆಗಿದೆ. ಮೊದಲು ದಾರಿ ಕೇಳಲು ಯಾರನ್ನಾದರೂ ಮಾತಾಡಿಸಲೇಬೇಕಿತ್ತು. ಈಗ ಪರದೆಯ ನೀಲಿ ಚುಕ್ಕೆ ನೋಡುತ್ತಾ ನಡೆಯುತ್ತೇವೆ, ತಲೆ ಎತ್ತುವುದೇ ಇಲ್ಲ.

ರಾತ್ರಿರೈಲು

ಕೊನೆಯ ಮಾತು ಒಪ್ಪುವುದಿಲ್ಲ. ನಾಚಿಕೆ ಸ್ವಭಾವದವರು ಮೊದಲೂ ದಾರಿ ಕೇಳುತ್ತಿರಲಿಲ್ಲ, ಪ್ರವಾಸಕ್ಕೇ ಹೋಗುತ್ತಿರಲಿಲ್ಲ. ಅನುವಾದದ ಆ್ಯಪ್ ಇಲ್ಲದಿದ್ದರೆ ಉಜ್ಬೆಕಿಸ್ತಾನದ ರೈಲಿನಲ್ಲಿ ಎದುರಿಗೆ ಕೂತಿದ್ದ ಹಿರಿಯರ ಜೊತೆ ನಾನು ನಗುವುದಷ್ಟೇ ಆಗುತ್ತಿತ್ತು. ಫೋನನ್ನು ನಡುವಿನ ಮೇಜಿನ ಮೇಲಿಟ್ಟುಕೊಂಡು ನಾವು ಸಮರ್‌ಕಂದ್‌ನಿಂದ ಬುಖಾರಾ ತನಕ ಮಾತಾಡಿದೆವು. ಅವರು ಮೇಷ್ಟ್ರಾಗಿದ್ದವರು. ಅವರ ಕಾಲದಲ್ಲಿ ಶಾಲೆಗಳಲ್ಲಿ ಉಜ್ಬೆಕ್ ಭಾಷೆಯನ್ನು ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯಲ್ಲಿ ಕಲಿಸುತ್ತಿದ್ದರಂತೆ. 1990ರ ದಶಕದಲ್ಲಿ ಲ್ಯಾಟಿನ್ ಲಿಪಿಗೆ ಬದಲಾದಾಗ ತಾವೇ ಮತ್ತೆ ವಿದ್ಯಾರ್ಥಿ ಆಗಬೇಕಾಯಿತು ಅಂದರು. ಈಗಲೂ ಮೊಮ್ಮಕ್ಕಳ ಪುಸ್ತಕ ಓದುವುದಕ್ಕಿಂತ ಹಳೇ ಲಿಪಿಯೇ ಕಣ್ಣಿಗೆ ಹಿತ ಅಂದರು. ಇದನ್ನು ಕೈಸನ್ನೆಯಲ್ಲಿ ಹೇಳಲು ಆಗುತ್ತದಾ?

ಸಂಜೆಮಲ್ಲಿಗೆ

ಯಾರೂ ಒಂಟಿತನದ ಮಾತೇ ಎತ್ತಲಿಲ್ಲ. ಒಬ್ಬರೇ ಹೋಗುವವರಿಗೆ ನನ್ನ ಪ್ರಕಾರ ಅದೇ ದೊಡ್ಡದು.

ಮೊದಲ ದಿನಗಳು ಎಲ್ಲ ಹೊಸದು, ಎಲ್ಲ ಚೆಂದ. ಆಮೇಲೆ ಒಂದು ದಿನ ಏಕಾಏಕಿ ಎಲ್ಲದರ ಮೇಲೂ ಸಿಟ್ಟು ಬರುತ್ತದೆ. ಇವರು ಯಾಕೆ ಹೀಗೆ ಸಾಲು ನಿಲ್ಲುತ್ತಾರೆ, ಇವರು ಯಾಕೆ ಇಷ್ಟು ಜೋರಾಗಿ ಮಾತಾಡುತ್ತಾರೆ, ಯಾಕೆ ಯಾವುದೂ ನೇರವಾಗಿ ಹೇಳುವುದಿಲ್ಲ. ಕೋಣೆಯಿಂದ ಹೊರಗೆ ಬರಲೇ ಮನಸ್ಸಿಲ್ಲ. ಪ್ರವಾಸ ಕೆಟ್ಟುಹೋಯಿತು ಅಂತ ಅನ್ನಿಸುತ್ತದೆ. ಕೆಟ್ಟಿಲ್ಲ. ಕಲ್ಚರ್ ಶಾಕ್ ಅನ್ನುವ ಮಾತನ್ನು ಜನರ ಬಾಯಿಗೆ ತಂದವರಲ್ಲಿ ಕಲೆರ್ವೊ ಓಬರ್ಗ್ ಅನ್ನುವ ಮಾನವಶಾಸ್ತ್ರಜ್ಞ ಮುಖ್ಯರು. 1954ರಲ್ಲಿ ರಿಯೋ ಡಿ ಜನೈರೋದಲ್ಲಿ ಅಲ್ಲಿನ ವಿದೇಶಿ ಮಹಿಳೆಯರ ಮುಂದೆ ಈ ಬಗ್ಗೆ ಮಾತಾಡಿದ್ದರು. ಅವರು ಹೇಳಿದ್ದೂ ಇದನ್ನೇ: ಮೊದಲು ಮಧುಚಂದ್ರ, ಆಮೇಲೆ ಆ ದೇಶದ ಮೇಲೆ ಸಿಟ್ಟು, ಆಮೇಲೆ ನಿಧಾನವಾಗಿ ಹೊಂದಾಣಿಕೆ. ಅವರು ಹೇಳಿದ್ದು ವರ್ಷಗಟ್ಟಲೆ ಇರಲು ಹೋದವರ ಬಗ್ಗೆ. ಆದರೆ ಸಣ್ಣ ಪ್ರವಾಸದಲ್ಲೂ ಅದರ ಸಣ್ಣ ರೂಪ ಬಂದು ಹೋಗುತ್ತದೆ, ನನಗೆ ಬಂದಿದೆ.

ಇದಕ್ಕೆ ದೇಹವೂ ಕಾರಣ. ನಮ್ಮ ಒಳಗಿನ ಗಡಿಯಾರ ಸರಾಸರಿ 24 ಗಂಟೆಗಿಂತ ಸ್ವಲ್ಪ ಜಾಸ್ತಿ ಓಡುತ್ತದೆ. ಹಾಗಾಗಿ ದಿನವನ್ನು ಉದ್ದ ಮಾಡುವುದು ಸುಲಭ, ಗಿಡ್ಡ ಮಾಡುವುದು ಕಷ್ಟ. ಪಶ್ಚಿಮಕ್ಕೆ ಹಾರಿದರೆ ಬೇಗ ಸರಿಹೋಗುತ್ತದೆ, ಪೂರ್ವಕ್ಕೆ ಹಾರಿದರೆ ನಿದ್ದೆ ಸತಾಯಿಸುತ್ತದೆ. ನಿದ್ದೆಗೆಟ್ಟ ತಲೆಯಲ್ಲಿ ಯಾವ ದೇಶವೂ ಚೆನ್ನಾಗಿ ಕಾಣುವುದಿಲ್ಲ. ಹೋದ ಕೂಡಲೇ ಹಗಲಿನ ಬೆಳಕಿನಲ್ಲಿ ಓಡಾಡಿ, ಮಧ್ಯಾಹ್ನ ಪರದೆ ಎಳೆದು ಮಲಗಬೇಡಿ.

ಸಿಟ್ಟಿನ ದಿನಕ್ಕೆ ನಾನು ಮಾಡುವುದು ಇಷ್ಟೇ. ಆ ದಿನ ಏನೂ ನೋಡಲು ಹೋಗುವುದಿಲ್ಲ. ಹಿಂದಿನ ದಿನ ಕೂತ ಅದೇ ಪಾರ್ಕ್, ಅದೇ ಬೆಂಚ್. ಎರಡನೇ ಸಲ ಹೋದ ಜಾಗ ಅರ್ಧ ನಮ್ಮದಾಗಿರುತ್ತದೆ. ನಾಯಿ ಕರೆದುಕೊಂಡು ಬರುವವರು ನಿನ್ನೆಯವರೇ, ತಲೆ ಆಡಿಸುತ್ತಾರೆ. ಅಷ್ಟು ಸಾಕು, ಮನಸ್ಸು ಹಗುರಾಗುತ್ತದೆ.

ಔಷಧಿ ಡಬ್ಬಿ

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು ನಾನು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ನೀವು ತೆಗೆದುಕೊಳ್ಳುವ ಮಾತ್ರೆಯ ಬ್ರ್ಯಾಂಡ್ ಹೆಸರು ಬೇರೆ ದೇಶದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಒಳಗಿರುವ ಮದ್ದಿನ ಹೆಸರು ಬರೆದುಕೊಂಡು ಹೋಗಿ. ಅದೂ ಕೆಲವು ಕಡೆ ಬದಲಾಗುತ್ತದೆ. ಪ್ಯಾರಾಸಿಟಮಾಲ್ ಅಮೆರಿಕ, ಜಪಾನ್‌ಗಳಲ್ಲಿ ಅಸೆಟಮಿನೋಫೆನ್. ಉಬ್ಬಸದವರು ಎಳೆದುಕೊಳ್ಳುವ ಸಾಲ್ಬ್ಯುಟಮಾಲ್ ಅಮೆರಿಕದಲ್ಲಿ ಆಲ್ಬ್ಯುಟರಾಲ್.

ಇನ್ನೊಂದು, ಇದು ಜೈಲಿನ ವಿಷಯ. ಒಂದು ದೇಶದಲ್ಲಿ ಡಾಕ್ಟರ್ ಬರೆದುಕೊಡುವ ಮಾತ್ರೆ ಇನ್ನೊಂದರಲ್ಲಿ ನಿಷಿದ್ಧ. ಎಡಿಎಚ್‌ಡಿಗೆ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆಗೆ, ಕೊಡುವ ಆಂಫೆಟಮಿನ್ ಮಾತ್ರೆಗಳನ್ನು ಚೀಟಿ ಇದ್ದರೂ ಜಪಾನಿಗೆ ಒಯ್ಯುವಂತಿಲ್ಲ. ಕೋಡೀನ್, ಟ್ರಾಮಡಾಲ್ ಇರುವ ನೋವಿನ ಮಾತ್ರೆಗೆ ಯುಎಇಯಲ್ಲಿ ಮುಂಚೆಯೇ ಅನುಮತಿ ಬೇಕು. ಆ ದೇಶದ ಆರೋಗ್ಯ ಇಲಾಖೆಯ ಪುಟದಲ್ಲೇ ನೋಡಿ. ಮಾತ್ರೆಗಳನ್ನು ಅವುಗಳ ಮೂಲ ಪೊಟ್ಟಣದಲ್ಲೇ, ಚೀಟಿಯ ಜೊತೆ, ಕೈಚೀಲದಲ್ಲಿ ಒಯ್ಯಿರಿ.

ಲೆಕ್ಕಪತ್ರ

ಜೈಲಿನ ಮಾತು ಬಂತು ಅಂತ ಹೇಳುತ್ತೇನೆ. ವಿದೇಶದಲ್ಲಿ ಬಂಧನವಾದರೆ ನಿಮ್ಮ ರಾಯಭಾರ ಕಚೇರಿಗೆ ತಿಳಿಸಿ ಅಂತ ಕೇಳುವ ಹಕ್ಕು ನಿಮಗಿದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಅದು. ಅವರು ಬಂದು ನೋಡಬಹುದು, ವಕೀಲರ ಪಟ್ಟಿ ಕೊಡಬಹುದು, ಮನೆಗೆ ತಿಳಿಸಬಹುದು. ಬಿಡಿಸಿಕೊಂಡು ಬರಲು ಅವರಿಂದ ಆಗುವುದಿಲ್ಲ. ಆಸ್ಪತ್ರೆ ಬಿಲ್ಲನ್ನೂ ಅವರು ಕಟ್ಟುವುದಿಲ್ಲ. ವಿಮೆ ಬೇಕು ಅನ್ನುವುದು ಅದಕ್ಕೇ.

ಮನೆಯಂಗಳ

ಇಷ್ಟು ಹೊತ್ತು ಎಲ್ಲರೂ ನಮ್ಮ ಖುಷಿ, ನಮ್ಮ ಕಷ್ಟ ಅಂತಲೇ ಮಾತಾಡಿದಿರಿ. ಆ ಊರಿನವರ ಕಷ್ಟ?

ವೆನಿಸ್‌ನ ಹಳೇ ಪಟ್ಟಣದಲ್ಲಿ ಈಗ 50,000 ಜನವೂ ವಾಸವಿಲ್ಲ. ಎಷ್ಟೋ ಮನೆಗಳು ಪ್ರವಾಸಿಗರ ಬಾಡಿಗೆಗೆ ಹೋಗಿವೆ. 2024ರ ಏಪ್ರಿಲ್ 25ರಿಂದ, ಜನಜಂಗುಳಿಯ ದಿನಗಳಲ್ಲಿ ಬಂದು ಅದೇ ದಿನ ಹೋಗುವವರಿಂದ 5 ಯುರೋ ಪ್ರವೇಶ ಶುಲ್ಕ ತೆಗೆದುಕೊಳ್ಳಲು ಶುರು ಮಾಡಿದರು. ತಮ್ಮ ಊರಿಗೇ ಟಿಕೆಟ್ ಇಡುವ ಪರಿಸ್ಥಿತಿ ಬಂತಲ್ಲ ಅಂತ ನನಗೆ ನಿಜಕ್ಕೂ ಬೇಜಾರಾಯಿತು. ಅಲ್ಲಿನ ಒಬ್ಬ ಅಮ್ಮ ಮಗುವಿನ ಗಾಡಿ ತಳ್ಳಿಕೊಂಡು ಸೇತುವೆ ದಾಟಬೇಕು, ಸೇತುವೆ ತುಂಬ ಫೋಟೋ ತೆಗೆಯುವವರು. ನಾವು "ಅನುಭವ" ಅನ್ನುವುದು ಅವರ ದಿನನಿತ್ಯದ ದಾರಿಗೆ ಅಡ್ಡ ನಿಂತಿರುತ್ತದೆ.

ಇನ್ನೊಂದು ಮಾತು. ನನಗೆ ಹೋಗುವ ಆಸೆ ಇಲ್ಲ. ಇದನ್ನು ಹೇಳಿದರೆ ಜನ ನನ್ನನ್ನು ಮರುಕದಿಂದ ನೋಡುತ್ತಾರೆ. ಹೋಗದವರ ಮನಸ್ಸು ಚಿಕ್ಕದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಲೋಕ ಸುತ್ತಿಯೂ ಯಾರನ್ನೂ ಕೇಳಿಸಿಕೊಳ್ಳದವರನ್ನು ನೋಡಿದ್ದೇನೆ.

ಬೆನ್ನುಚೀಲ

ಮನೆಯಂಗಳ, ಇದು ಬೇಕಾದ ಮಾತು. ಜೋರಾಗಿ "ಹೋಗಿ" ಅಂದವನು ನಾನೇ, ಹಾಗಾಗಿ ಉತ್ತರ ಕೊಡುತ್ತೇನೆ. ಎಲ್ಲರೂ ಹೋಗುವ ತಿಂಗಳಲ್ಲಿ, ಎಲ್ಲರೂ ಹೋಗುವ ಊರಿಗೆ, ಒಂದೇ ಹಗಲು ಹೋಗಿ ಬರುವುದು ಅತ್ಯಂತ ಕೆಟ್ಟ ರೀತಿ. ಊರಿಗೂ ಕೆಟ್ಟದ್ದು, ಹೋದವರಿಗೂ ಕೆಟ್ಟದ್ದು. ಕಡಿಮೆ ಊರು, ಜಾಸ್ತಿ ದಿನ. ರಾತ್ರಿ ಅಲ್ಲೇ ಉಳಿದರೆ ಬೆಳಿಗ್ಗೆ ಊರು ಏಳುವುದು ನೋಡಲು ಸಿಗುತ್ತದೆ, ದುಡ್ಡೂ ಅಲ್ಲಿನವರಿಗೇ ಹೋಗುತ್ತದೆ. ಆದರೆ ಹೋಗುವುದನ್ನೇ ಬಿಡಬೇಕು ಅನ್ನುವುದನ್ನು ಮಾತ್ರ ಒಪ್ಪಲಾರೆ. ಅಕ್ಷರ ತಿದ್ದಿಕೊಟ್ಟ ಆ ಡ್ರೈವರ್ ಮುಖದಲ್ಲಿ ನನಗೆ ಬೇಸರ ಕಾಣಲಿಲ್ಲ.

ಕಿಟಕಿ ಸೀಟು

ತೀರ್ಮಾನ ಮಾಡಿದೆ, ಹೋಗುತ್ತೇನೆ. ಎರಡೇ ಊರು, ನಡುವೆ ಒಂದು ರೈಲು. ವೀಸಾ, ವಿಮೆ, ಔಷಧಿ, ಮೊದಲ ರಾತ್ರಿಗಳ ಕೋಣೆ, ಇಷ್ಟನ್ನೂ ಲೆಕ್ಕಪತ್ರ ಅವರು ಹೇಳಿದ ಹಾಗೆ ಅಚ್ಚುಕಟ್ಟಾಗಿ ಮುಗಿಸುತ್ತೇನೆ. ಲಿಪಿ ಕಲಿಯುತ್ತೇನೆ. ಹಗಲು ಎಲ್ಲಿಗೆ ಹೋಗುವುದು ಅನ್ನುವುದನ್ನು ಮಾತ್ರ ಮುಂಚೆ ಬರೆದಿಡುವುದಿಲ್ಲ. ಮನೆಯಂಗಳ ಹೇಳಿದ್ದು ಮನಸ್ಸಿನಲ್ಲಿ ಉಳಿಯಿತು, ಜನ ಕಡಿಮೆ ಇರುವ ತಿಂಗಳನ್ನೇ ಆರಿಸುತ್ತೇನೆ.

ಒಂದು ಕೊನೆಯ ಪ್ರಶ್ನೆ. ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಮೊದಲ ಗಂಟೆಯಲ್ಲಿ ಯಾವುದರ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಇರಬೇಕು? ಕಳ್ಳರಾ, ಟ್ಯಾಕ್ಸಿಯವರಾ?

ನೀಲಿ ಕೊಡೆ

ರಸ್ತೆ.

ಎಡಗಡೆ ಗಾಡಿ ಓಡಿಸುವ ದೇಶದಿಂದ ಬಲಗಡೆಯ ದೇಶಕ್ಕೆ ಹೋದಾಗ, ಅಥವಾ ಅದರ ಉಲ್ಟಾ, ಕಾಲು ರಸ್ತೆಗಿಳಿಯುವ ಮುಂಚೆ ಕುತ್ತಿಗೆ ಹಳೇ ಅಭ್ಯಾಸದ ಕಡೆಗೇ ತಿರುಗುತ್ತದೆ. ಗಾಡಿ ಇನ್ನೊಂದು ಕಡೆಯಿಂದ ಬರುತ್ತದೆ. ಲಂಡನ್ನಿನಲ್ಲಿ ದಾಟುವ ಜಾಗದಲ್ಲಿ ಬಲಕ್ಕೆ ನೋಡಿ, ಎಡಕ್ಕೆ ನೋಡಿ ಅಂತ ನೆಲದ ಮೇಲೇ ಬರೆದಿರುತ್ತಾರೆ. ಬಂದವರಿಗೆ ಅದು ಅಷ್ಟು ಬೇಕಾಗುತ್ತದೆ ಅಂತಲೇ ತಾನೆ? ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಇಡೀ ದೇಶವನ್ನು ಎಡದಿಂದ ಬಲಕ್ಕೆ ಬದಲಾಯಿಸಿದಾಗ ಮೊದಮೊದಲು ಅಪಘಾತ ಹೆಚ್ಚಾಗಲಿಲ್ಲ, ಕಡಿಮೆಯಾಯಿತು. ಎಲ್ಲರೂ ಮೈಯೆಲ್ಲ ಕಣ್ಣಾಗಿದ್ದರು. ನೀವೂ ಹಾಗೇ ಇರಿ. ಎರಡೂ ಕಡೆ ನೋಡಿ, ಮತ್ತೊಮ್ಮೆ ನೋಡಿ. ಜೀಬ್ರಾ ಪಟ್ಟಿ ಇದೆ ಅಂತ ಗಾಡಿ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಊರಿನವರು ಯಾರಾದರೂ ದಾಟಲು ನಿಂತಿದ್ದರೆ ಅವರ ಪಕ್ಕ ನಿಂತು, ಅವರು ಹೆಜ್ಜೆ ಇಟ್ಟಾಗ ಜೊತೆಗೇ ದಾಟಿ.